ಮೊದಲ ಪ್ರಶ್ನೆ: ಯಾವ ಕೌಂಟಿ? ಒಹಾಯೊದಲ್ಲಿ ಮದುವೆ ಲೈಸೆನ್ಸ್ ಮತ್ತು ದಾಖಲೆ

ಅಮೆರಿಕದಲ್ಲಿರುವ ಮಗ ಫೋನ್ ಮಾಡಿ "ಮದುವೆಗೆ ಮುಂಚೆ ಕೋರ್ಟಿಗೆ ಹೋಗಿಬರಬೇಕು" ಅಂದರೆ ಊರಿನಲ್ಲಿರುವ ಅಪ್ಪ ಅಮ್ಮನಿಗೆ ಎದೆ ಧಸಕ್ಕೆನ್ನುತ್ತದೆ. ನಮ್ಮಲ್ಲಿ ಕೋರ್ಟ್ ಮೆಟ್ಟಿಲು ಹತ್ತುವುದು ಅಂದರೆ ಒಂದೋ ಆಸ್ತಿ ಜಗಳ, ಇಲ್ಲವೇ ಡೈವೋರ್ಸ್. ಮದುವೆಯ ಮಾತಿನಲ್ಲಿ ಕೋರ್ಟ್ ಬಂದರೆ, ಮನೆಯವರಿಗೆ ಹೇಳದೆ ಏನೋ ನಡೆಯುತ್ತಿದೆ ಅನ್ನುವ ಗುಮಾನಿ ಬೇರೆ.

ಗಾಬರಿಗೆ ಕಾರಣವಿಲ್ಲ. ಒಹಾಯೊ ರಾಜ್ಯದಲ್ಲಿ ಮದುವೆ ಲೈಸೆನ್ಸ್ ಕೊಡುವುದೇ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ವಿಭಾಗದ, ಪ್ರೊಬೇಟ್ ಕೋರ್ಟ್. ಉಯಿಲು, ಗಾರ್ಡಿಯನ್‌ಶಿಪ್, ದತ್ತು ಇಂಥ ವಿಷಯಗಳನ್ನು ನೋಡಿಕೊಳ್ಳುವ ಕೋರ್ಟ್ ಅದು. ಚರ್ಚಿನಲ್ಲಿ ಆಗಲಿ, ದೇವಸ್ಥಾನದಲ್ಲಿ ಆಗಲಿ, ತೋಟದಲ್ಲಿ ಹಂದರ ಹಾಕಿಸಿ ಆಗಲಿ, ಒಹಾಯೊದಲ್ಲಿ ಮದುವೆಯಾಗುವ ಸಾಮಾನ್ಯ ಜೋಡಿಗಳೆಲ್ಲ ಮೊದಲು ಅಲ್ಲಿಗೆ ಹೋಗಿ ಬಂದವರೇ. ವಾದ ಇಲ್ಲ, ವಕೀಲರು ಬೇಕಿಲ್ಲ. ಒಂದು ಕೌಂಟರ್, ಒಂದು ಅರ್ಜಿ, ಒಂದಿಷ್ಟು ಶುಲ್ಕ, ಅಷ್ಟೇ.

ಜನ ಎಡವುವುದು ಬೇರೆ ಕಡೆ. ಅಮೆರಿಕದಲ್ಲಿ ಮದುವೆ ಅನ್ನುವುದು ಕೇಂದ್ರ ಸರ್ಕಾರದ ವಿಷಯ ಅಲ್ಲ, ರಾಜ್ಯದ ವಿಷಯ. ಇಡೀ ದೇಶದ ಮದುವೆಗಳನ್ನು ಬರೆದಿಟ್ಟ ಒಂದು ರಿಜಿಸ್ಟರ್ ವಾಷಿಂಗ್ಟನ್‌ನಲ್ಲಿ ಎಲ್ಲೂ ಇಲ್ಲ. ರಾಜ್ಯವೂ ಆ ಕೆಲಸವನ್ನು ಹೆಚ್ಚಾಗಿ ಕೌಂಟಿಗಳಿಗೆ ಬಿಟ್ಟಿದೆ. ಒಹಾಯೊ ಒಂದರಲ್ಲೇ 88 ಕೌಂಟಿಗಳಿವೆ. ಹಾಗಾಗಿ ಲೈಸೆನ್ಸ್ ತೆಗೆದುಕೊಳ್ಳುವಾಗಲೂ, ಮೂವತ್ತು ವರ್ಷದ ನಂತರ ಅದರ ನಕಲು ಹುಡುಕುವಾಗಲೂ ಮೊದಲ ಪ್ರಶ್ನೆ ಒಂದೇ: ಯಾವ ಕೌಂಟಿ?

ಎರಡು ಬೇರೆ ಕಾಗದಗಳು

ಲೈಸೆನ್ಸ್ ಬೇರೆ, ಸರ್ಟಿಫಿಕೇಟ್ ಬೇರೆ. ಇದು ತಲೆಗೆ ಹೋದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಮನೆ ಕಟ್ಟುವ ಮುಂಚೆ ಪಾಲಿಕೆಯಿಂದ ಪ್ಲಾನ್ ಮಂಜೂರು ಮಾಡಿಸುತ್ತೇವಲ್ಲ, ಲೈಸೆನ್ಸ್ ಅಂಥದ್ದು. ಮಂಜೂರಾತಿ ಕೈಗೆ ಬಂತು ಅಂದ ಮಾತ್ರಕ್ಕೆ ಮನೆ ಎದ್ದು ನಿಲ್ಲುವುದಿಲ್ಲ. "ಈ ಇಬ್ಬರು ಮದುವೆಯಾಗಲು ಕಾನೂನಿನ ಅಡ್ಡಿ ಇಲ್ಲ" ಎಂದು ಕೋರ್ಟ್ ಕೊಡುವ ಅನುಮತಿ ಅದು. ಮದುವೆ ಆದದ್ದಕ್ಕೆ ಅದು ಸಾಕ್ಷಿ ಅಲ್ಲ.

ಆಮೇಲೆ, ಕಾನೂನಿನ ಅಧಿಕಾರ ಇರುವವರೊಬ್ಬರು ಮದುವೆ ನಡೆಸಿಕೊಡಬೇಕು. ಅವರು ಸಹಿ ಹಾಕಿದ ಪತ್ರ, ಲೈಸೆನ್ಸ್ ಕೊಟ್ಟ ಕೋರ್ಟಿಗೇ ವಾಪಸ್ ಹೋಗಬೇಕು. ಕೋರ್ಟ್ ಅದನ್ನು ದಾಖಲು ಮಾಡಿಕೊಂಡ ಮೇಲೆ, ಕೇಳಿದಾಗ ಕೊಡುವ ದೃಢೀಕೃತ ನಕಲು ಇದೆಯಲ್ಲ, ಅದೇ ನಿಜವಾದ ಮದುವೆ ಸರ್ಟಿಫಿಕೇಟ್. ವೀಸಾ, ಇನ್ಶೂರೆನ್ಸ್, ಹೆಸರು ಬದಲಾವಣೆ ಎಲ್ಲದಕ್ಕೂ ಬೇಕಾಗುವುದು ಈ ನಕಲೇ. ಮದುವೆಯ ದಿನ ಕೈಗೆ ಕೊಡುವ, ಹೂಬಳ್ಳಿ ಚಿತ್ತಾರದ ಅಂದದ ಪತ್ರ ಗೋಡೆಗೆ ಹಾಕಲು ಚೆಂದ. ಕಚೇರಿಗಳು ಅದನ್ನು ಒಪ್ಪುವುದಿಲ್ಲ.

ಕೌಂಟರಿಗೆ ಹೋಗುವ ಮುಂಚೆ

ಒಹಾಯೊ ಕಾನೂನಿನ ಪ್ರಕಾರ ಜೋಡಿಯಲ್ಲಿ ಒಬ್ಬರಾದರೂ ಆ ರಾಜ್ಯದಲ್ಲಿ ವಾಸವಿದ್ದರೆ, ಅವರು ವಾಸವಿರುವ ಕೌಂಟಿಯಲ್ಲೇ ಅರ್ಜಿ ಹಾಕಬೇಕು. ಇಬ್ಬರೂ ಬೇರೆ ಬೇರೆ ಕೌಂಟಿಯವರಾದರೆ ಎರಡರಲ್ಲಿ ಯಾವುದಾದರೂ ಸರಿ. ಇಬ್ಬರೂ ಹೊರರಾಜ್ಯದವರಾದರೆ ಮದುವೆ ನಡೆಯುವ ಕೌಂಟಿಯಲ್ಲಿ ಹಾಕಬೇಕು. ಒಮ್ಮೆ ಲೈಸೆನ್ಸ್ ಸಿಕ್ಕಿತೆಂದರೆ ಒಹಾಯೊದ ಯಾವ ಮೂಲೆಯಲ್ಲಿ ಬೇಕಾದರೂ ಮದುವೆಯಾಗಬಹುದು.

ಕೇಳಲು ಸುಲಭ. ಆದರೆ ಒಹಾಯೊದ ರಾಜಧಾನಿ ಕೊಲಂಬಸ್ ಪಕ್ಕದ ಡಬ್ಲಿನ್ ಊರನ್ನೇ ನೋಡಿ. ಭಾರತೀಯರು ಸಾಕಷ್ಟು ಜನ ಇರುವ ಜಾಗ ಅದು. ಆ ಒಂದೇ ಊರು ಫ್ರಾಂಕ್ಲಿನ್, ಡೆಲವೇರ್, ಯೂನಿಯನ್ ಎಂಬ ಮೂರು ಕೌಂಟಿಗಳಲ್ಲಿ ಹರಡಿಕೊಂಡಿದೆ. ಅಂಚೆ ವಿಳಾಸದಲ್ಲಿ ಬರೀ ಡಬ್ಲಿನ್ ಅಂತ ಇರುತ್ತದೆ, ಕೌಂಟಿ ಯಾವುದು ಅಂತ ತಿಳಿಯುವುದಿಲ್ಲ. ಹತ್ತಿರದ ದೊಡ್ಡ ಕೋರ್ಟ್ ಕೊಲಂಬಸ್‌ನಲ್ಲಿದೆ ಎಂದು ಸುಮ್ನೆ ಅಲ್ಲಿಗೆ ಹೋದರೆ, ಬೇರೆ ಕೌಂಟಿಗೆ ಹೋಗಿ ಅಂತ ಕಳಿಸಬಹುದು. ಆಸ್ತಿ ತೆರಿಗೆ ಯಾವ ಕೌಂಟಿಗೆ ಕಟ್ಟುತ್ತೀರಿ, ಮತದಾರರ ಪಟ್ಟಿ ಯಾವ ಕೌಂಟಿಯದು ಎಂದು ನೋಡಿದರೆ ಉತ್ತರ ಸಿಗುತ್ತದೆ. ಬಾಡಿಗೆ ಮನೆಯವರು ಆಸ್ತಿಗಳ ದಾಖಲೆ ಇಡುವ ಕೌಂಟಿ ಆಡಿಟರ್ ವೆಬ್‌ಸೈಟಿನಲ್ಲಿ ಮನೆಯ ವಿಳಾಸ ಹಾಕಿ ನೋಡಬಹುದು.

ಅರ್ಜಿಯ ದೊಡ್ಡ ಭಾಗವನ್ನು ಅನೇಕ ಕೌಂಟಿಗಳಲ್ಲಿ ಆನ್‌ಲೈನ್‌ನಲ್ಲೇ ತುಂಬಬಹುದು. ಆದರೆ ಪ್ರಮಾಣ ಮಾಡಿ ಸಹಿ ಹಾಕಲು ಇಬ್ಬರೂ ಬರಬೇಕು ಅನ್ನುವುದು ಸಾಮಾನ್ಯ ನಿಯಮ. ಫೋಟೊ ಇರುವ ಗುರುತಿನ ಚೀಟಿ ಬೇಕು. ನಮ್ಮವರಿಗೆ ಪಾಸ್‌ಪೋರ್ಟೇ ಒಳ್ಳೆಯದು. ಹುಟ್ಟಿದ ಊರು, ಉದ್ಯೋಗ, ತಂದೆಯ ಹೆಸರು, ತಾಯಿಯ ತವರಿನ ಹೆಸರು, ಮದುವೆ ಯಾರು ಮಾಡಿಸುತ್ತಾರೆ ಅನ್ನುವುದನ್ನು ಕೇಳುತ್ತಾರೆ. ತಾಯಿಯ ತವರಿನ ಹೆಸರು ಅಂದಾಗ ಅನೇಕರು ತಡವರಿಸುತ್ತಾರೆ. ನಮ್ಮ ಅಮ್ಮಂದಿರಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರು ಕಾಗದದ ಮೇಲೆ ಇಲ್ಲವೇ ಇಲ್ಲ, ಅಲ್ವಾ? ಹೋಗುವ ಮುಂಚೆ ಅಮ್ಮನಿಗೆ ಒಂದು ಫೋನ್ ಮಾಡಿ, ಅವರ ಪಾಸ್‌ಪೋರ್ಟಿನಲ್ಲೋ ಆಧಾರ್‌ನಲ್ಲೋ ಏನಿದೆ ಎಂದು ಕೇಳಿಟ್ಟುಕೊಳ್ಳುವುದು ಜಾಣತನ. ನಿಮ್ಮ ಹೆಸರನ್ನಂತೂ ಪಾಸ್‌ಪೋರ್ಟಿನಲ್ಲಿ ಇದ್ದಂತೆ, ಅಕ್ಷರಕ್ಕೆ ಅಕ್ಷರ ಬರೆಯಿರಿ. ಒಂದರಲ್ಲಿ ಬರೀ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಅಂತಾದರೆ ಮುಂದೆ ಪ್ರತಿ ಕಚೇರಿಯಲ್ಲೂ ವಿವರಣೆ ಕೊಡುತ್ತಾ ನಿಲ್ಲಬೇಕಾಗುತ್ತದೆ.

ಮೊದಲು ಮದುವೆಯಾಗಿ ವಿಚ್ಛೇದನ ಪಡೆದವರು ಆ ಪ್ರಕರಣದ ವಿವರ ಕೊಡಬೇಕು. ಡಿಕ್ರಿಯ ದೃಢೀಕೃತ ನಕಲನ್ನೇ ತನ್ನಿ ಅನ್ನುವ ಕೌಂಟಿಗಳೂ ಇವೆ. ಡಿಕ್ರಿ ಬೆಂಗಳೂರಿನ ಫ್ಯಾಮಿಲಿ ಕೋರ್ಟಿನದಾದರೆ ನಕಲು ತರಿಸಲು ಸಮಯ ಬೇಕು. ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಇನ್ನು ವೀಸಾ. ಎಚ್-1ಬಿ, ಎಚ್-4, ವಿದ್ಯಾರ್ಥಿ ವೀಸಾ ಯಾವುದೇ ಇರಲಿ, ಅದು ಲೈಸೆನ್ಸಿಗೆ ಷರತ್ತಲ್ಲ. ಸೋಷಿಯಲ್ ಸೆಕ್ಯುರಿಟಿ ನಂಬರ್ ಇದ್ದವರು ಕೊಡಬೇಕು, ಇಲ್ಲದವರು ಏನು ಮಾಡಬೇಕೆಂದು ಆ ಕೌಂಟಿಗೇ ಮೊದಲು ಫೋನ್ ಮಾಡಿ ಕೇಳುವುದು ಒಳ್ಳೆಯದು.

ಶುಲ್ಕ ಕೌಂಟಿಯಿಂದ ಕೌಂಟಿಗೆ ಬೇರೆ. ಅದರಲ್ಲಿ ಒಂದು ಪಾಲು ಕೌಟುಂಬಿಕ ದೌರ್ಜನ್ಯದಿಂದ ಪಾರಾಗಿ ಬಂದವರ ಆಶ್ರಯಧಾಮಗಳಿಗೆ ಹೋಗುತ್ತದೆ. ರಕ್ತಪರೀಕ್ಷೆ ಇಲ್ಲ, ಕಾಯುವ ದಿನಗಳೂ ಇಲ್ಲ. ಕುಡಿದು ಬಂದವರಿಗೆ ಲೈಸೆನ್ಸ್ ಕೊಡಬಾರದು ಎಂದು ಮಾತ್ರ ಕಾನೂನಿನಲ್ಲೇ ಬರೆದಿದೆ! ಸಿಕ್ಕ ಲೈಸೆನ್ಸಿನ ಆಯಸ್ಸು 60 ದಿನ. ಅಷ್ಟರಲ್ಲಿ ಮದುವೆ ಆಗದಿದ್ದರೆ ಮತ್ತೆ ಅರ್ಜಿ, ಮತ್ತೆ ಶುಲ್ಕ. ಮುಹೂರ್ತ ಆರು ತಿಂಗಳ ಮುಂಚೆಯೇ ಗೊತ್ತಾಗಿದ್ದರೂ ಕೋರ್ಟಿಗೆ ಹೋಗಲು ಕೊನೆಯ ಎರಡು ತಿಂಗಳೇ ಸರಿ.

ಸೋದರಮಾವನ ಮಗಳು

ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲದ, ಆದರೆ ನಮಗೇ ಹೆಚ್ಚು ತಟ್ಟುವ ನಿಯಮ ಒಂದಿದೆ. ಒಹಾಯೊದಲ್ಲಿ ಸೆಕೆಂಡ್ ಕಸಿನ್‌ಗಿಂತ (ಅಪ್ಪ ಅಮ್ಮನ ಕಸಿನ್‌ಗಳ ಮಕ್ಕಳಿಗಿಂತ) ಹತ್ತಿರದ ರಕ್ತಸಂಬಂಧಿಗಳು ಮದುವೆಯಾಗುವಂತಿಲ್ಲ. ಅಂದರೆ ಸೋದರಮಾವನ ಮಗಳು, ಸೋದರತ್ತೆಯ ಮಗ, ಅಕ್ಕನ ಮಗಳು ಇವರೆಲ್ಲ ಆ ಗೆರೆಯ ಒಳಗೇ ಬರುತ್ತಾರೆ. ಕರ್ನಾಟಕದಲ್ಲಿ ತಲೆತಲಾಂತರದಿಂದ ನಡೆದುಬಂದ ಸಂಬಂಧ, ರೂಢಿಯಲ್ಲಿ ಇದ್ದರೆ ಹಿಂದೂ ವಿವಾಹ ಕಾಯ್ದೆಯೂ ಒಪ್ಪುವ ಸಂಬಂಧ ಅಲ್ಲಿನ ಕೌಂಟರಿನಲ್ಲಿ ನಡೆಯುವುದಿಲ್ಲ.

ಇದು ಇಡೀ ಅಮೆರಿಕದ ನಿಯಮ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ರಾಜ್ಯಗಳಲ್ಲಿ ಫಸ್ಟ್ ಕಸಿನ್‌ಗಳು, ಅಂದರೆ ಸೋದರಮಾವ, ಸೋದರತ್ತೆಯ ಮಕ್ಕಳಂಥವರು, ಮದುವೆಯಾಗಬಹುದು. ಟೆಕ್ಸಾಸ್ 2005ರಲ್ಲಿ ಬಾಗಿಲು ಹಾಕಿತು. ಹಾಗಾದರೆ ಬೇರೆ ಕಡೆ ನ್ಯಾಯವಾಗಿ ಮದುವೆಯಾಗಿ ಒಹಾಯೊಗೆ ಬಂದವರ ಗತಿ? 1958ರಲ್ಲಿ ಒಹಾಯೊದ ಸುಪ್ರೀಂ ಕೋರ್ಟಿನ ಮುಂದೆ ಇಂಥದೇ ಪ್ರಶ್ನೆ ಬಂದಿತ್ತು. ಮ್ಯಾಸಚೂಸೆಟ್ಸ್‌ನಲ್ಲಿ ಮದುವೆಯಾಗಿದ್ದ ಇಬ್ಬರು ಕಸಿನ್‌ಗಳ ವಿಷಯ. ಮದುವೆ ನಡೆದ ಜಾಗದಲ್ಲಿ ಅದು ಸಿಂಧುವಾಗಿದ್ದರೆ ಇಲ್ಲೂ ಸಿಂಧು ಎಂದು ಕೋರ್ಟ್ ಹೇಳಿತು. ಆದ್ದರಿಂದ ಹಾಸನದಲ್ಲಿ ಅತ್ತೆ ಮಗನನ್ನು ಮದುವೆಯಾಗಿ ಸಿನ್ಸಿನಾಟಿಗೆ ಬಂದವರು ಈ ಒಂದು ನಿಯಮ ನೋಡಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ.

ಪುರೋಹಿತರಿಗೂ ಲೈಸೆನ್ಸ್

ಮದುವೆ ಮಾಡಿಸುವ ಧರ್ಮಗುರುಗಳು ಒಹಾಯೊದ ಸೆಕ್ರೆಟರಿ ಆಫ್ ಸ್ಟೇಟ್ (ರಾಜ್ಯದ ದಾಖಲೆ, ನೋಂದಣಿ ನೋಡಿಕೊಳ್ಳುವ ಅಧಿಕಾರಿ) ಕಚೇರಿಯಿಂದ ತಾವೂ ಲೈಸೆನ್ಸ್ ಪಡೆದಿರಬೇಕು. ದೇವಸ್ಥಾನದ ಅರ್ಚಕರಿಗೆ ಸಾಮಾನ್ಯವಾಗಿ ಇರುತ್ತದೆ. ತೊಂದರೆ ಬರುವುದು ಮನೆಯ ಹಳೆಯ ಪುರೋಹಿತರನ್ನು ಊರಿನಿಂದ ಕರೆಸಿದಾಗ. ಮಂತ್ರ ಎಷ್ಟೇ ಶುದ್ಧವಾಗಿರಲಿ, ಆ ಲೈಸೆನ್ಸ್ ಇಲ್ಲದಿದ್ದರೆ ಕಾಗದಕ್ಕೆ ಅವರು ಸಹಿ ಹಾಕುವಂತಿಲ್ಲ. ಯಾರಿಗೆ ಲೈಸೆನ್ಸ್ ಇದೆ ಎಂದು ಆ ಕಚೇರಿಯ ವೆಬ್‌ಸೈಟಿನಲ್ಲೇ ಹೆಸರು ಹಾಕಿ ನೋಡಬಹುದು. ಕೇಳುವುದಕ್ಕೆ ಸಂಕೋಚ ಪಡಬಾರದ ವಿಷಯ ಇದು.

ಧರ್ಮಗುರುಗಳಲ್ಲದೆ ನ್ಯಾಯಾಧೀಶರು, ಊರಿನ ಮೇಯರ್ ಕೂಡ ಮದುವೆ ಮಾಡಿಸಬಹುದು. ರಾಜ್ಯದ ಕಿವುಡರ ಶಾಲೆಯ ಸೂಪರಿಂಟೆಂಡೆಂಟ್‌ಗೂ ಕಾನೂನು ಈ ಅಧಿಕಾರ ಕೊಟ್ಟಿದೆ. ಪಟ್ಟಿ ಓದುವಾಗ ಇದೆಲ್ಲಿಂದ ಬಂತು ಅನ್ನಿಸುತ್ತದೆ. ಲೈಸೆನ್ಸ್ ಕೊಟ್ಟ ಪ್ರೊಬೇಟ್ ಕೋರ್ಟಿನಲ್ಲೇ ಮದುವೆ ಮಾಡಿಸುತ್ತಾರೆ ಅಂದುಕೊಂಡು ಹಾರ ತೆಗೆದುಕೊಂಡು ಹೋಗಬೇಡಿ. ಬಹಳಷ್ಟು ಕೌಂಟಿಗಳಲ್ಲಿ ಅದಕ್ಕೆ ಮುನಿಸಿಪಲ್ ಕೋರ್ಟಿನ ನ್ಯಾಯಾಧೀಶರ ಹತ್ತಿರ ಹೋಗಬೇಕು. ಸಾಕ್ಷಿಗಳ ಸಹಿ ಒಹಾಯೊದಲ್ಲಿ ಬೇಕಿಲ್ಲ. ಸಬ್‌ ರಿಜಿಸ್ಟ್ರಾರ್ ಕಚೇರಿಗೆ ಸಾಕ್ಷಿಗಳನ್ನು ಕರೆದುಕೊಂಡು ಹೋಗಿ ಅಭ್ಯಾಸವಿರುವ ನಮಗೆ ಇದು ವಿಚಿತ್ರವೇ.

ಮದುವೆಯಾದ 30 ದಿನದೊಳಗೆ ಸಹಿ ಮಾಡಿದ ಪತ್ರವನ್ನು ಕೋರ್ಟಿಗೆ ಮುಟ್ಟಿಸುವುದು ಮದುವೆ ಮಾಡಿಸಿದವರ ಜವಾಬ್ದಾರಿ, ಗಂಡು ಹೆಣ್ಣಿನದಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ ಇದೇ. ಒಂದೇ ವಾರಾಂತ್ಯದಲ್ಲಿ ಎರಡು ಮದುವೆ, ಒಂದು ಗೃಹಪ್ರವೇಶ ಮಾಡಿಸುವ ಪುರೋಹಿತರ ಬ್ಯಾಗಿನಲ್ಲಿ ನಿಮ್ಮ ಲಕೋಟೆ ಉಳಿದುಬಿಡಬಹುದು. ಎರಡು ಮೂರು ವಾರ ಬಿಟ್ಟು ಕೋರ್ಟಿಗೆ ಫೋನ್ ಮಾಡಿ "ನಮ್ಮದು ದಾಖಲಾಯಿತೇ?" ಎಂದು ಕೇಳಿ. ಆದ ತಕ್ಷಣ ಎರಡು ಮೂರು ದೃಢೀಕೃತ ನಕಲು ಒಟ್ಟಿಗೇ ತೆಗೆದಿಟ್ಟುಕೊಳ್ಳಿ. ಒಂದೊಂದಕ್ಕೂ ಕೆಲವೇ ಡಾಲರ್.

ಗಡಿ ದಾಟಿದರೆ ನಿಯಮವೂ ದಾಟುತ್ತದೆ

ಪಕ್ಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಪಿಟ್ಸ್‌ಬರ್ಗ್ ಹತ್ತಿರ ಪೆನ್ ಹಿಲ್ಸ್‌ನಲ್ಲಿರುವ ಶ್ರೀ ವೆಂಕಟೇಶ್ವರ ದೇವಸ್ಥಾನ 1970ರ ದಶಕದಿಂದ ಇದೆ. ಅಮೆರಿಕದ ಹಳೆಯ ದೇವಸ್ಥಾನಗಳಲ್ಲಿ ಒಂದು. ಒಹಾಯೊದಿಂದ ಕಾರಿನಲ್ಲಿ ಹೋಗಿಬರುವ ದೂರ. ಅಲ್ಲೇ ಧಾರೆ ಆಗಬೇಕು ಅನ್ನುವ ಆಸೆ ಇದ್ದರೆ ಒಂದು ಮಾತು ನೆನಪಿಡಿ: ಪೆನ್ಸಿಲ್ವೇನಿಯಾದಲ್ಲಿ ಒಹಾಯೊದ ಲೈಸೆನ್ಸ್ ಕೆಲಸಕ್ಕೆ ಬರುವುದಿಲ್ಲ. ಅಲ್ಲಿಯ ಯಾವುದಾದರೂ ಕೌಂಟಿಯಿಂದ ಪೆನ್ಸಿಲ್ವೇನಿಯಾದ ಲೈಸೆನ್ಸೇ ತೆಗೆಯಬೇಕು. ಅಲ್ಲಿ ಅರ್ಜಿ ಹಾಕಿದ ಮೇಲೆ ಮೂರು ದಿನ ಕಾಯಬೇಕು. ಶುಕ್ರವಾರ ಹೋಗಿ ಅರ್ಜಿ ಕೊಟ್ಟು ಶನಿವಾರ ಮಾಂಗಲ್ಯ ಕಟ್ಟುತ್ತೇವೆ ಅಂದರೆ ಆಗುವುದಿಲ್ಲ.

ಉಳಿದ ರಾಜ್ಯಗಳೂ ಹೀಗೇ, ಒಂದೊಂದಕ್ಕೆ ಒಂದೊಂದು ದಾರಿ. ಜಾರ್ಜಿಯಾದಲ್ಲೂ ಪ್ರೊಬೇಟ್ ಕೋರ್ಟೇ. ಅಲ್ಲಿ ಮದುವೆಗೆ ಮುಂಚೆ ಆರು ಗಂಟೆಯ ತಿಳಿವಳಿಕೆ ತರಗತಿ ಮಾಡಿ ಬಂದರೆ ಶುಲ್ಕದಲ್ಲಿ ರಿಯಾಯಿತಿ ಉಂಟು. ಟೆಕ್ಸಾಸ್‌ನಲ್ಲಿ ಕೌಂಟಿ ಕ್ಲರ್ಕ್ ಕೊಡುತ್ತಾರೆ, ಸಾಮಾನ್ಯವಾಗಿ 72 ಗಂಟೆ ಕಾಯಬೇಕು. ನ್ಯೂಯಾರ್ಕ್‌ನಲ್ಲಿ ಕೌಂಟಿಯೇ ಅಲ್ಲ, ಪಟ್ಟಣದ ಅಥವಾ ನಗರದ ಕ್ಲರ್ಕ್. ಅಲಬಾಮಾವಂತೂ 2019ರ ಆಗಸ್ಟ್‌ನಲ್ಲಿ ಲೈಸೆನ್ಸನ್ನೇ ಕೈಬಿಟ್ಟಿತು. ಈಗ ಅಲ್ಲಿ ನಿಗದಿತ ಫಾರಂ ತುಂಬಿ, ನೋಟರಿ ಮಾಡಿಸಿ, 30 ದಿನದೊಳಗೆ ಪ್ರೊಬೇಟ್ ಕೋರ್ಟಿಗೆ ಕೊಟ್ಟರೆ ಮದುವೆ ಮುಗಿದಂತೆ. ಸಮಾರಂಭ ಮಾಡುವುದು ಬಿಡುವುದು ನಿಮ್ಮಿಷ್ಟ.

ಹಳೆಯ ದಾಖಲೆ ಹುಡುಕುವಾಗ

ದಾಖಲೆ ಇರುವುದು ಲೈಸೆನ್ಸ್ ಕೊಟ್ಟ ಕೌಂಟಿಯಲ್ಲಿ. ಮದುವೆ ನಡೆದ ಊರಿನಲ್ಲಿ ಅಲ್ಲ, ನೀವು ಈಗಿರುವ ಊರಿನಲ್ಲೂ ಅಲ್ಲ. ಫ್ರಾಂಕ್ಲಿನ್ ಕೌಂಟಿಯಲ್ಲಿ ಲೈಸೆನ್ಸ್ ತೆಗೆದು ಕ್ಲೀವ್‌ಲ್ಯಾಂಡ್‌ನಲ್ಲಿ ಮದುವೆಯಾದವರ ದಾಖಲೆ ಫ್ರಾಂಕ್ಲಿನ್‌ನಲ್ಲೇ ಸಿಗುತ್ತದೆ. ಇದೊಂದನ್ನು ತಿಳಿಯದೆ ಕ್ಲೀವ್‌ಲ್ಯಾಂಡಿನ ಕಯಹೋಗ ಕೌಂಟಿಗೆ ಪತ್ರ ಬರೆದು "ದಾಖಲೆ ಇಲ್ಲ" ಅನ್ನುವ ಉತ್ತರ ಪಡೆದು, ಅಪ್ಪ ಅಮ್ಮನ ಮದುವೆ ರಿಜಿಸ್ಟರೇ ಆಗಿಲ್ಲ ಎಂದು ಹೌಹಾರಬೇಕಿಲ್ಲ. ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಮದುವೆಗಳ ಸಾರಾಂಶ ಇರುತ್ತದೆ. ಯಾವ ಕೌಂಟಿ ಎಂದು ಮರೆತುಹೋಗಿದ್ದರೆ ಅದು ನೆರವಿಗೆ ಬರುತ್ತದೆ. ದೃಢೀಕೃತ ನಕಲನ್ನು ಮಾತ್ರ ಪ್ರೊಬೇಟ್ ಕೋರ್ಟಿನಿಂದಲೇ ತೆಗೆಯಬೇಕು.

ಒಹಾಯೊದ ಮದುವೆ ದಾಖಲೆಗಳು ಸಾರ್ವಜನಿಕ. ಯಾರು ಬೇಕಾದರೂ ಕೇಳಬಹುದು. ಇಬ್ಬರ ಹೆಸರು, ಹೆಚ್ಚುಕಡಿಮೆ ವರ್ಷ ಗೊತ್ತಿದ್ದರೆ ಸಾಕು. ಅನೇಕ ಕೌಂಟಿಗಳ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. ನಮ್ಮ ಹೆಸರುಗಳ ವಿಷಯದಲ್ಲಿ ಮಾತ್ರ ಸ್ವಲ್ಪ ತಾಳ್ಮೆ ಬೇಕು. 1965ರ ವಲಸೆ ಕಾನೂನಿನ ನಂತರ ಬಂದ ಮೊದಲ ತಲೆಮಾರಿನ ಎಂಜಿನಿಯರು, ಡಾಕ್ಟರುಗಳ ಹೆಸರನ್ನು ಆಗಿನ ಗುಮಾಸ್ತರು ಕಿವಿಗೆ ಬಿದ್ದಂತೆ ಟೈಪ್ ಮಾಡಿರಬಹುದು. ಊರಿನ ಹೆಸರು ಸರ್‌ನೇಮ್ ಜಾಗದಲ್ಲಿ ಕೂತಿರಬಹುದು. ಒಂದು ಹೆಸರಿನಲ್ಲಿ ಸಿಗದಿದ್ದರೆ ಅಪ್ಪನ ಹೆಸರಿನಲ್ಲಿ, ಊರಿನ ಹೆಸರಿನಲ್ಲಿ, ಕೊನೆಗೆ ವಧುವಿನ ಹೆಸರಿನಲ್ಲಿ ಹುಡುಕಿ. ವಿಚ್ಛೇದನದ ಕಾಗದ ಬೇಕಿದ್ದರೆ ಅದು ಈ ಕೋರ್ಟಿನಲ್ಲಿ ಇರುವುದಿಲ್ಲ. ಕೌಂಟಿಯ ಮುಖ್ಯ ವಿಚಾರಣಾ ಕೋರ್ಟಾದ ಕಾಮನ್ ಪ್ಲೀಸ್ ಕೋರ್ಟಿನ ಕೌಟುಂಬಿಕ ವಿಭಾಗದ ಕಡತದಲ್ಲಿರುತ್ತದೆ.

ಇನ್ನೂ ಹಿಂದೆ ಹೋದರೆ ಕತೆ ಸ್ವಾರಸ್ಯವಾಗುತ್ತದೆ. ಒಹಾಯೊದಲ್ಲಿ ಪ್ರೊಬೇಟ್ ಕೋರ್ಟುಗಳು ಬಂದದ್ದು 1851ರ ಸಂವಿಧಾನದಿಂದ. ಅದಕ್ಕೂ ಮುಂಚಿನ ಮದುವೆಗಳು ಕಾಮನ್ ಪ್ಲೀಸ್ ಕೋರ್ಟಿನ ಪುಸ್ತಕಗಳಲ್ಲಿವೆ. ಕೌಂಟಿಗಳೂ ಒಂದೇ ಸಲ ಹುಟ್ಟಿದವಲ್ಲ. ಕೊನೆಯದಾದ ನೋಬಲ್ ಕೌಂಟಿಯನ್ನು ಅದೇ 1851ರಲ್ಲಿ ಸುತ್ತಲಿನ ಕೌಂಟಿಗಳಿಂದ ಕತ್ತರಿಸಿ ಮಾಡಿದರು. ಅಲ್ಲಿ 1840ರಲ್ಲಿ ಆದ ಮದುವೆಯನ್ನು ನೋಬಲ್‌ನಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು?

ಬೆಂಕಿ ಇನ್ನೊಂದು ಅಧ್ಯಾಯ. 1884ರ ಮಾರ್ಚ್‌ನಲ್ಲಿ ಸಿನ್ಸಿನಾಟಿಯಲ್ಲಿ ಒಂದು ಕೊಲೆ ಪ್ರಕರಣದಲ್ಲಿ ತೀರ್ಪು ಮೆತ್ತಗಾಯಿತೆಂದು ಜನ ದಂಗೆ ಎದ್ದು ಹ್ಯಾಮಿಲ್ಟನ್ ಕೌಂಟಿಯ ಕೋರ್ಟಿಗೇ ಬೆಂಕಿ ಇಟ್ಟರು. ಮದುವೆಯ ಪುಸ್ತಕಗಳೂ ಸುಟ್ಟುಹೋದವು. ಆಮೇಲೆ ಸಿಕ್ಕಷ್ಟು ಮಾಹಿತಿ ಕಲೆಹಾಕಿ ಹಲವು ಮದುವೆಗಳನ್ನು ಮತ್ತೆ ಬರೆದರು. ವಂಶಾವಳಿ ಹುಡುಕುವವರು ಇವತ್ತಿಗೂ ಆ ಮರುದಾಖಲೆಗಳನ್ನೇ ತಿರುವಿಹಾಕುತ್ತಾರೆ. ಹಳೆಯ ಕೌಂಟಿ ದಾಖಲೆಗಳ ಪ್ರತಿಗಳು ಫ್ಯಾಮಿಲಿಸರ್ಚ್ ಎಂಬ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಒಹಾಯೊದ ಸಂಗ್ರಹ 1789ರಿಂದ ಶುರುವಾಗುತ್ತದೆ. ಅವು ತಿಳಿದುಕೊಳ್ಳಲು ಸಾಕು, ಸರ್ಕಾರಿ ಕೆಲಸಕ್ಕೆ ನಡೆಯುವುದಿಲ್ಲ.

ಭಾರತಕ್ಕೆ ಕಳಿಸುವುದಾದರೆ

ಒಹಾಯೊದ ಸರ್ಟಿಫಿಕೇಟನ್ನು ಕರ್ನಾಟಕದಲ್ಲಿ ತೋರಿಸಬೇಕಾದಾಗ ಸಾಮಾನ್ಯವಾಗಿ ಅಪೊಸ್ಟಿಲ್ ಕೇಳುತ್ತಾರೆ. ಕೋರ್ಟಿನ ದೃಢೀಕೃತ ನಕಲಿನ ಮೇಲಿರುವ ಸಹಿ, ಮುದ್ರೆ ಅಸಲಿ ಎಂದು ಒಹಾಯೊದ ಸೆಕ್ರೆಟರಿ ಆಫ್ ಸ್ಟೇಟ್ ಕೊಡುವ ಪತ್ರ ಅದು. ಇಂಥ ಪತ್ರಗಳನ್ನು ಒಪ್ಪುವ ಅಂತರರಾಷ್ಟ್ರೀಯ ಒಪ್ಪಂದ 2005ರಿಂದ ಭಾರತಕ್ಕೂ ಅನ್ವಯಿಸುವುದರಿಂದ ಇದು ಭಾರತದಲ್ಲಿ ನಡೆಯುತ್ತದೆ. ಹಳೆಯ ಝೆರಾಕ್ಸ್‌ಗೆ ಅಪೊಸ್ಟಿಲ್ ಸಿಗುವುದಿಲ್ಲ.

ತಿರುಗುಮುರುಗಾಗಿ ಕೇಳುವವರೂ ಬಹಳ: ಧಾರವಾಡದಲ್ಲಿ ಆದ ಮದುವೆಯನ್ನು ಒಹಾಯೊದ ಕೌಂಟಿಯಲ್ಲಿ ರಿಜಿಸ್ಟರ್ ಮಾಡಿಸಬೇಕಾ? ಬೇಡ. ಅದರ ದಾಖಲೆ ಧಾರವಾಡದ ಸಬ್‌ ರಿಜಿಸ್ಟ್ರಾರ್ ಹತ್ತಿರವೇ ಇರುತ್ತದೆ, ಅಲ್ಲಿಯ ಸರ್ಟಿಫಿಕೇಟೇ ಅಮೆರಿಕದಲ್ಲೂ ದಾಖಲೆ. ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಇನ್ನೊಂದು ಕಾಗದ ಕೈಯಲ್ಲಿರಲಿ ಎಂದು ಹೊಸದಾಗಿ ಲೈಸೆನ್ಸ್ ತೆಗೆಯಲು ಹೋಗಬೇಡಿ. ಅಲ್ಲಿ ನಿಮಗೆ ಬದುಕಿರುವ ಗಂಡ ಅಥವಾ ಹೆಂಡತಿ ಇಲ್ಲ ಎಂದು ಪ್ರಮಾಣ ಮಾಡಬೇಕಾಗುತ್ತದೆ.

ಇದರ ಉಲ್ಟಾ ಕೂಡ ಈಗ ಜಾಸ್ತಿ ಕಾಣುತ್ತದೆ. ವೀಸಾ ಅವಸರಕ್ಕೆ ಜನವರಿಯಲ್ಲಿ ಒಹಾಯೊದ ನ್ಯಾಯಾಧೀಶರ ಮುಂದೆ ಮದುವೆ, ಮೇ ತಿಂಗಳಲ್ಲಿ ಮೈಸೂರಿನ ಛತ್ರದಲ್ಲಿ ಧಾರೆ. ಮನೆಯವರಿಗೆ ಮೇ ತಿಂಗಳದ್ದೇ ಮದುವೆ, ಕಾನೂನಿಗೆ ಜನವರಿಯದು. ವೀಸಾ ಅರ್ಜಿ, ತೆರಿಗೆ, ಪಾಸ್‌ಪೋರ್ಟಿನಲ್ಲಿ ಸಂಗಾತಿಯ ಹೆಸರು ಸೇರಿಸುವುದು ಎಲ್ಲ ಕಡೆ ಜನವರಿಯ ತಾರೀಖನ್ನೇ ಬರೆಯಿರಿ. ಮೈಸೂರಿನಲ್ಲಿ ಮೇ ತಾರೀಖಿನದು ಇನ್ನೊಂದು ಸರ್ಟಿಫಿಕೇಟ್ ಮಾಡಿಸಿ ಎರಡು ತಾರೀಖು ಇಟ್ಟುಕೊಂಡರೆ, ಗ್ರೀನ್ ಕಾರ್ಡ್ ಸಂದರ್ಶನದಲ್ಲಿ ಯಾವುದು ನಿಜ ಎಂದು ಅಧಿಕಾರಿ ಕೇಳಿದಾಗ ಉತ್ತರ ಹೇಳಬೇಕಾದವರು ನೀವೇ.